ಮೇಲಿನ ಕೋರೆಹಲ್ಲಿನಿಂದ ಕೆಳಗಿನ ದವಡೆ ಹಲ್ಲಿಗೆ

ಧಾರವಾಡ, ಶನಿವಾರ, 14 ಜೂನ್ 2025

ಮಗಳ ಬಾಯಿಗೆ ಇವತ್ತು ರಬ್ಬರ್ ಬಂತು. ಕ್ಲಿಪ್ ಹಾಕಿಸಿ ವರ್ಷ ಆಗುತ್ತಾ ಬಂದಿದೆ. ಸೊಟ್ಟ ಹಲ್ಲುಗಳೆಲ್ಲ ಸಾಲಿಗೆ ಬಂದಿವೆ. ಆದರೆ ಮೇಲಿನ ಸಾಲು ಇನ್ನೂ ಮುಂದಕ್ಕೇ ಇದೆ, ಕೆಳಗಿನದು ಹಿಂದೆ ಉಳಿದಿದೆ. ಎರಡನ್ನೂ ಕೂಡಿಸುವ ಕೆಲಸ ಇನ್ನು ಮುಂದೆ ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ಎಳೆದು ಸಿಗಿಸುವ ಈ ಸಣ್ಣ ರಬ್ಬರ್ ಬ್ಯಾಂಡಿನದು.

ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದೆವು. ಸತ್ತೂರಿನ ಎಸ್‌ಡಿಎಂ ಡೆಂಟಲ್ ಕಾಲೇಜು ದಾಟುವಾಗ ಮಗಳು, "ಅವ್ವಾ, ಕ್ಲಿಪ್ ಡಾಕ್ಟರ್ ಆಗಾಕ ಎಷ್ಟ ವರ್ಷ ಓದಬೇಕು?" ಅಂತ ಕೇಳಿದಳು. ಬಿಡಿಎಸ್ ಆದ ಮೇಲೆ ಮತ್ತೆ 3 ವರ್ಷ ಎಂಡಿಎಸ್ ಅಂದೆ. ಸುಮ್ಮನೆ ಲೆಕ್ಕ ಹಾಕುತ್ತಾ ಕೂತಳು.

ನಮ್ಮ ಡಾಕ್ಟರ್ ಬಾಯಿ ಒಳಗಿನ ಕೆಲಸ ಮಾಡುವಾಗ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತಾರೆ. ಮೊದಲು ತಂತಿಯನ್ನು ಹಿಡಿದಿದ್ದ ಸಣ್ಣ ಬಣ್ಣದ ಉಂಗುರಗಳನ್ನು ಚೂಪು ಕೊಕ್ಕೆಯಿಂದ ಕಿತ್ತರು. ಹಳೆಯ ತಂತಿ ತೆಗೆದು ಸ್ಟೀಲ್ ತಂತಿ ಹಾಕಿದರು. ಶುರುವಿನಲ್ಲಿದ್ದದ್ದು ನಿಕಲ್-ಟೈಟೇನಿಯಂ ತಂತಿ. ಹೇಗೆ ಬಗ್ಗಿಸಿದರೂ ತನ್ನ ಆಕಾರಕ್ಕೆ ವಾಪಸ್ ಬರುತ್ತದೆ, ಬರುವಾಗ ಹಲ್ಲನ್ನೂ ಮೆಲ್ಲಗೆ ಎಳೆದು ತರುತ್ತದೆ. ರಬ್ಬರ್ ಎಳೆತಕ್ಕೆ ಸಾಲು ಕೆಡಬಾರದಲ್ವಾ, ಅದಕ್ಕೆ ಈಗ ಗಟ್ಟಿ ತಂತಿ.

ನನಗೆ ತುಂಬಾ ಹಿಡಿಸಿದ್ದು ತಂತಿಯ ತುದಿ ಕತ್ತರಿಸುವ ಪಕ್ಕಡ. ಅದರ ಮೂತಿ ಅಡ್ಡಕ್ಕೆ ತಿರುಗಿದೆ. ಕೊನೆಯ ದವಡೆ ಹಲ್ಲಿನ ಹಿಂದೆ ಹೋಗಿ ತಂತಿ ಕತ್ತರಿಸುತ್ತದೆ, ತುಂಡಾದ ಚೂರನ್ನು ತಾನೇ ಕಚ್ಚಿ ಹಿಡಿದುಕೊಂಡು ಹೊರಗೆ ಬರುತ್ತದೆ. ಗಂಟಲಿಗೆ ಬೀಳುವ ಭಯವಿಲ್ಲ. ಇದನ್ನು ಮಾಡಿದವರಿಗೆ ಕೈ ಮುಗಿಯಬೇಕು.

ಹೊಸ ಉಂಗುರಗಳಿಗೆ ಮಗಳು ಬಣ್ಣವಿಲ್ಲದ್ದು ಕೇಳಿದಳು. "ಬ್ಯಾಡವಾ, ನಮ್ಮ ಅಡಿಗ್ಯಾಗ ಅರಿಶಿಣ ಇರ್ತದ, ನಾಲ್ಕ ದಿನದಾಗ ಹಳದಿ ಆಗ್ತಾವು" ಅಂದರು ಡಾಕ್ಟರ್. ಕಡು ನೀಲಿ ಹಾಕಿಸಿಕೊಂಡಳು.

ಆಮೇಲೆ ರಬ್ಬರಿನ ಪಾಕೀಟು ಕೈಗೆ ಕೊಟ್ಟರು. ಮೇಲೆ 1/4 ಇಂಚು, 4.5 ಔನ್ಸ್ ಅಂತ ಬರೆದಿದೆ. ಇಂಚು ಅನ್ನುವುದು ಎಳೆಯದೆ ಇದ್ದಾಗಿನ ಒಳ ಅಗಲ, ಸುಮಾರು 6.4 ಮಿಲಿಮೀಟರ್. ಅದನ್ನು ಮೂರು ಪಟ್ಟು ಎಳೆದಾಗ ಬರುವ ಬಲ 4.5 ಔನ್ಸ್, ಅಂದರೆ ಸುಮಾರು 128 ಗ್ರಾಂ. ಬಲ ಜಾಸ್ತಿ ಆಗಲಿ ಅಂತ ಒಂದರ ಮೇಲೊಂದು ಎರಡು ಹಾಕಬಾರದು. ಬಲೂನು ಊದಿದರೆ ತುಟಿ ಬಾಯುತ್ತದಾ, ತುರಿಕೆ ಬರುತ್ತದಾ ಅಂತಲೂ ಮೊದಲೇ ಕೇಳಿಕೊಂಡಿದ್ದರು. ಲೇಟೆಕ್ಸ್, ಅಂದರೆ ಮರದ ಹಾಲಿನಿಂದ ಮಾಡಿದ ರಬ್ಬರ್, ಆಗಿ ಬರದವರಿಗೆ ಬೇರೆ ಥರದ ರಬ್ಬರ್ ಇದೆಯಂತೆ. ಪಾಕೀಟು ಕೈಗಿಟ್ಟು ಕಳಿಸದೆ ಇಷ್ಟೆಲ್ಲ ಬಿಡಿಸಿ ಹೇಳುವ ಡಾಕ್ಟರ್ ಸಿಕ್ಕಿದ್ದು ನಮ್ಮ ಪುಣ್ಯ.

ಮನೆಗೆ ಬಂದು ಕನ್ನಡಿ ಮುಂದೆ ನಿಂತಳು. ಎರಡೂ ತುದಿಗೆ ಕೊಕ್ಕೆಯಿರುವ ಒಂದು ಪ್ಲಾಸ್ಟಿಕ್ ಕಡ್ಡಿ ಕೊಟ್ಟಿದ್ದಾರೆ. ರಬ್ಬರನ್ನು ಮೊದಲು ಮೇಲಿನ ಕೋರೆಹಲ್ಲಿನ ಕೊಕ್ಕೆಗೆ ಸಿಗಿಸಬೇಕು, ಹೆಬ್ಬೆರಳಲ್ಲಿ ಒತ್ತಿ ಹಿಡಿದು ಕಡ್ಡಿಯಿಂದ ಎಳೆಯುತ್ತಾ ಕೆಳಗಿನ ದವಡೆ ಹಲ್ಲಿನ ಕೊಕ್ಕೆಗೆ ಒಯ್ಯಬೇಕು. ಬಲಗಡೆ ಸಲೀಸಾಗಿ ಕೂತಿತು. ಎಡಗಡೆಯದು ಜಾರಿ ಜಾರಿ ಕನ್ನಡಿಗೆ ಹೋಗಿ ಬಡಿಯಿತು. ನಾನು ಕೈ ಚಾಚಿದರೆ, "ನೀ ಬಿಡವ್ವಾ, ಸಾಲ್ಯಾಗ ನೀ ಇರ್ತೀಯೇನ? ನಾನ ಹಾಕ್ಕೋತೀನಿ" ಅಂದಳು. ಸರಿಯಾದ ಮಾತು. ತಂತಿ, ಪಕ್ಕಡ ಎಲ್ಲಾ ಡಾಕ್ಟರ್ ಕೈಯಲ್ಲಿ. ರಬ್ಬರ್ ಮಾತ್ರ ಅವಳ ಕೈಯಲ್ಲೇ.

ಅದು ದುಡಿಯುವುದು ಹಾಕಿಕೊಂಡ ತಾಸುಗಳಲ್ಲಿ ಮಾತ್ರ. ಊಟಕ್ಕೆ, ಹಲ್ಲುಜ್ಜುವುದಕ್ಕೆ ಬಿಟ್ಟರೆ ಇಡೀ ದಿನ ಇರಬೇಕು. ರಾತ್ರಿ ಅಷ್ಟೇ ಹಾಕಿಕೊಂಡರೆ ಹಲ್ಲು ಸ್ವಲ್ಪ ಸರಿದು ಹಗಲು ವಾಪಸ್ ಬರುತ್ತದೆ, ನೋವು ಮಾತ್ರ ದಿನಾ ಹೊಸದು. ಒಂದೇ ಕಡೆ ಹಾಕಿಕೊಂಡರೆ ಮೇಲಿನ ಹಲ್ಲಿನ ನಡುಗೆರೆ ಕೆಳಗಿನದಕ್ಕೆ ಕೂಡುವುದಿಲ್ಲ. ಎಂಜಲಲ್ಲಿ ನೆನೆದ ರಬ್ಬರ್ ಮೊದಲ ಕೆಲ ತಾಸಿನಲ್ಲೇ ಸಾಕಷ್ಟು ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಹರಿಯದಿದ್ದರೂ ದಿನಾ ಬದಲಾಯಿಸಬೇಕು.

ಅತ್ತೆಗೆ ಇದೆಲ್ಲ ನೋಡಿ ಗಾಬರಿ. "ಹಿಂಗ ಎಳದ್ರ ಹಲ್ಲ ಉದುರ್ತಾವ ನೋಡವಾ" ಅಂದರು. ಕೂರಿಸಿಕೊಂಡು ಹೇಳಿದೆ. ಹಲ್ಲು ಯಾವ ಕಡೆ ಒತ್ತುತ್ತದೋ ಆ ಕಡೆ ಎಲುಬು ಕರಗಿ ದಾರಿ ಬಿಡುತ್ತದೆ, ಬಿಟ್ಟು ಬಂದ ಕಡೆ ಹೊಸ ಎಲುಬು ಕಟ್ಟಿಕೊಳ್ಳುತ್ತದೆ. ಅದಕ್ಕೇ ಇಷ್ಟು ತಿಂಗಳು ಹಿಡಿಯುವುದು, ಅವಸರ ಮಾಡಿದರೆ ಬೇರಿಗೇ ತೊಂದರೆ. ಅತ್ತೆ ಪೂರ್ತಿ ಒಪ್ಪಲಿಲ್ಲ. ಆದರೆ ರಾತ್ರಿ ಮೊಮ್ಮಗಳಿಗೆ ಖಡಕ್ ರೊಟ್ಟಿ ಬದಲು ಬಿಸಿ ಮೆತ್ತನ್ನ ರೊಟ್ಟಿ ಬಡಿದು, ಹಾಲಲ್ಲಿ ಮುರಿದು ಕೊಟ್ಟರು. ದವಡೆ ನೋಯುತ್ತಿದ್ದರೂ ಎರಡು ತಿಂದಳು.

ಮುಂದಿನ ವಾರ ಗದಗಿನಲ್ಲಿ ಮದುವೆ. ಊಟಕ್ಕೆ ಕೂತಾಗ ತೆಗೆದಿಟ್ಟ ರಬ್ಬರ್ ಎಲೆ ಜೊತೆಗೇ ಹೋಗುವುದು ಗ್ಯಾರಂಟಿ. ಹೋದರೆ ಹೋಗಲಿ, ಕೈ ತೊಳೆದ ಕೂಡಲೇ ಹೊಸದು ಹಾಕಿಕೋ ಅಂದಿದ್ದೇನೆ. ಒಂದು ಪಾಕೀಟು ಅವಳ ಕಂಪಾಸ್ ಪೆಟ್ಟಿಗೆಯಲ್ಲಿ, ಇನ್ನೊಂದು ನನ್ನ ಪರ್ಸಿನಲ್ಲಿ. ಮತ್ತೆ ತೋರಿಸುವುದು ಜುಲೈ ಎರಡನೇ ವಾರ.