ವಿರಿಬೋಣಿ: ಭೈರವಿಯ ಧೈವತ, ಅಟತಾಳದ ಉಂಗುರಬೆರಳು

ಕರ್ನಾಟಕ ಸಂಗೀತದ ಭೈರವಿ ರಾಗ ಗಂಟಲಲ್ಲಿ ಕೂರಬೇಕಾದರೆ 'ವಿರಿಬೋಣಿ' ವರ್ಣವನ್ನು (ರಾಗ, ತಾಳ ಪಳಗಲು ಹಾಡುವ ರಚನೆ) ತಿಂಗಳುಗಟ್ಟಲೆ ಹಾಡಲೇಬೇಕು. 18ನೇ ಶತಮಾನದ ಪಚ್ಚಿಮಿರಿಯಂ ಆದಿಯಪ್ಪಯ್ಯನವರ ತೆಲುಗು ರಚನೆ. ಹೂವಿನಂಥ ಹೆಣ್ಣೊಬ್ಬಳು ದಕ್ಷಿಣ ದ್ವಾರಕೆಯ, ಎಂದರೆ ಮನ್ನಾರ್‌ಗುಡಿಯ, ರಾಜಗೋಪಾಲನಿಗೆ ಮರುಳಾಗಿದ್ದಾಳೆ. ಸಾಹಿತ್ಯ ಇಷ್ಟೇ, ಉಳಿದದ್ದೆಲ್ಲ ರಾಗದ ಕೆಲಸ.

ಭೈರವಿ 20ನೇ ಮೇಳದ (ಮೂಲರಾಗದ) ಜನ್ಯವಾದರೂ ಅದಕ್ಕೆ ಎರಡು ಧೈವತ, ಅಂದರೆ ಎರಡು 'ದ': ಮೇಲಿನದು ಚತುಶ್ರುತಿ, ಕೆಳಗಿನದು ಶುದ್ಧ. 'ಪದನಿಸ' ಎಂದು ಏರುವಾಗ ಚತುಶ್ರುತಿ, 'ಸನಿದಪ' ಎಂದು ಇಳಿಯುವಾಗ ಶುದ್ಧ. ಇಷ್ಟು ಪಾಠದಲ್ಲೇ ಬಂದಿರುತ್ತದೆ. ಎಡವುವುದು 'ಪದನಿದಪ'ದಲ್ಲಿ. ನಿಷಾದಕ್ಕೆ ('ನಿ') ಏರುತ್ತಿದ್ದೇವಲ್ಲ ಎಂದು ಮೊದಲ ಧೈವತವನ್ನು ಚತುಶ್ರುತಿಗೆ ಎತ್ತಿಬಿಡುತ್ತಾರೆ. ಆದರೆ ಆ ಸಂಚಾರ ಷಡ್ಜ ('ಸ') ಮುಟ್ಟದೆ ತಿರುಗುತ್ತದೆ, ಹಾಗಾಗಿ ಎರಡು ಕಡೆಯೂ ಶುದ್ಧವೇ. ಸ್ವರ ಎತ್ತುವ ಮೊದಲೇ ಅದು ಎಲ್ಲಿಗೆ ಹೊರಟಿದೆ ಎಂಬುದು ಮನಸ್ಸಿನಲ್ಲಿರಬೇಕು. ಇಳಿಯುವಾಗ ಚತುಶ್ರುತಿ ನುಸುಳಿತೋ, ಖರಹರಪ್ರಿಯ ಎಂಬ ಬೇರೆ ರಾಗದ ವಾಸನೆ ಹೊಡೆಯುತ್ತದೆ.

ತಾಳ ಖಂಡಜಾತಿ ಅಟ: ಐದೈದರ ಎರಡು ಲಘು, ಎರಡೆರಡರ ಎರಡು ದ್ರುತ, ಒಟ್ಟು 14 ಅಕ್ಷರ (ಎಣಿಕೆ). ಅಕ್ಷರಕ್ಕೆ ನಾಲ್ಕರಂತೆ ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, 56 ಮಾತ್ರೆ. ಲಘುವಿಗೆ ಒಂದು ಪೆಟ್ಟು, ಆಮೇಲೆ ಕಿರುಬೆರಳಿನಿಂದ ತೋರುಬೆರಳಿನವರೆಗೆ ನಾಲ್ಕು ಎಣಿಕೆ. ದ್ರುತಕ್ಕೆ ಒಂದು ಪೆಟ್ಟು, ಒಂದು ಹುಸಿ (ಅಂಗೈ ಮೇಲಕ್ಕೆ ತಿರುಗಿಸುವುದು). ಬೆರಳೆಣಿಕೆ ನಿಧಾನವಾಗಿ ನಡೆದು ದ್ರುತ ಬಂದ ಕೂಡಲೇ ಕೈ ಓಡುವುದು ಸಾಮಾನ್ಯ ತಪ್ಪು.

ಎರಡನೇ ಕಾಲದಲ್ಲಿ ಕೈ ಬದಲಾಗುವುದಿಲ್ಲ, ಸ್ವರ ಮಾತ್ರ ಇಮ್ಮಡಿ. ಮೊದಲ ಕಾಲದ ಒಂದು ಆವರ್ತ ಈಗ 7 ಅಕ್ಷರಕ್ಕೇ ಮುಗಿಯುತ್ತದೆ. ಮುಂದಿನ ಆವರ್ತದ ಸ್ವರ ಎಂಟನೇ ಅಕ್ಷರದಲ್ಲಿ, ಅಂದರೆ ಎರಡನೇ ಲಘುವಿನ ಉಂಗುರಬೆರಳಿನಲ್ಲಿ ಹುಟ್ಟಬೇಕು. ಅಲ್ಲಿ ಪೆಟ್ಟಿನ ಆಸರೆ ಇಲ್ಲ. ಹಾಡುವವರು ತಪ್ಪುವುದು ಬಹುಪಾಲು ಇಲ್ಲಿಯೇ. ಹಾಡದೆ ಬರೀ ತಾಳ ಹಾಕುತ್ತ, ಸಮದಲ್ಲೂ (ಆವರ್ತದ ಮೊದಲ ಪೆಟ್ಟಿನಲ್ಲಿ) ಆ ಉಂಗುರಬೆರಳಿನಲ್ಲೂ 'ತ' ಎಂದು ಹೇಳುತ್ತ ಹತ್ತಾರು ಆವರ್ತ ಕಳೆದರೆ ಆ ಜಾಗ ಕೈಗೆ ಅಭ್ಯಾಸವಾಗುತ್ತದೆ.

ಕಾಲಪ್ರಮಾಣವನ್ನು (ಹಾಡುವ ವೇಗವನ್ನು) ಎರಡನೇ ಕಾಲದಿಂದ ಹಿಂದಕ್ಕೆ ಲೆಕ್ಕ ಹಾಕಿ. ಅದರಲ್ಲಿ ಗಮಕ (ಸ್ವರದ ತೂಗಾಟ) ಕೆಡದೆ ನಡೆಯುವ ವೇಗವೇ ನಿಮ್ಮ ವೇಗ. ನಿಮಿಷಕ್ಕೆ 40 ಅಕ್ಷರ ಆರಂಭಕ್ಕೆ ಸಾಕು. ಮೊದಲ ಕಾಲದಲ್ಲಿ ಗಾಂಧಾರ, ನಿಷಾದಗಳಿಗೆ ಕೊಟ್ಟ ತೂಗಾಟವನ್ನೆಲ್ಲ ಎರಡನೆಯದರಲ್ಲಿ ತುರುಕಬಾರದು. ಒಂದೇ ಅಲುಗಾಟ ಉಳಿದರೂ ಸಾಕು. ಪೂರ್ತಿ ಚಪ್ಪಟೆಯಾದರೆ ಮಾತ್ರ ಭೈರವಿ ಕೈಬಿಟ್ಟಂತೆ.

ಉಸಿರಿನ ಮಾತು: 'ವಿರಿಬೋಣಿ' ಪದವನ್ನು ನಡುವೆ ಮುರಿಯಬೇಡಿ. 'ಬೋ'ದ ದೀರ್ಘ 'ಬೌ' ಆಗದಂತೆ ಬಾಯಿಯ ಆಕಾರ ಕೊನೆಯವರೆಗೂ ಒಂದೇ ಇರಲಿ. ಸ್ವರ ಬಾಯಿಗೆ ಬಂದ ಮೇಲೆ ಪಲ್ಲವಿಯನ್ನು ಅಕಾರದಲ್ಲಿ (ಬರೀ 'ಆ' ಎನ್ನುತ್ತ) ಹಾಡಿ ನೋಡಿ, ಧೈವತ ಎಲ್ಲೆಲ್ಲಿ ಜಾರುತ್ತಿದೆ ಎಂಬುದು ಥಟ್ಟನೆ ಕೇಳಿಸುತ್ತದೆ.