ಲೀಸ್ ಫ್ಲಾಟ್ ಮಾರಲು ಹೊರಟಾಗ ಬಂದ 34 ಪ್ರಶ್ನೆಗಳು

ಲಂಡನ್ನಿನ ಕ್ರಾಯ್ಡನ್‌ನ ಫ್ಲಾಟನ್ನು ಮಾರುತ್ತಿದ್ದೇವೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಮೊದಲು ಕೇಳಿದ್ದು, "ಅದು ಲೀಸಿನ ಮನೆ ಎಂದಿದ್ದೆಯಲ್ಲೇ, ಭೋಗ್ಯಕ್ಕೆ ಹಾಕಿಕೊಂಡ ಮನೆಯನ್ನು ಮಾರುವುದು ಹೇಗೆ?" ಎಂದು.

ಕೇಳಬೇಕಾದ ಪ್ರಶ್ನೆಯೇ. ನಮ್ಮೂರಲ್ಲಿ ಲೀಸ್ ಎಂದರೆ ಒಂದಿಷ್ಟು ಲಕ್ಷ ಕೊಟ್ಟು ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಆ ಹಣ ವಾಪಸು ಪಡೆಯುವುದು. ಇಂಗ್ಲೆಂಡಿನ ಲೀಸ್‌ಹೋಲ್ಡ್ ಬೇರೆ. ನೆಲ ಮತ್ತು ಕಟ್ಟಡ ಫ್ರೀಹೋಲ್ಡರ್ ಎನ್ನುವ ಮೂಲ ಮಾಲೀಕನದು. ನಾವು ಕೊಳ್ಳುವುದು ಇಂತಿಷ್ಟು ವರ್ಷ ಅನುಭವಿಸುವ ಹಕ್ಕನ್ನು. ನಮ್ಮದು 1998ರಿಂದ 125 ವರ್ಷದ್ದು. 2024ರಲ್ಲಿ ಮಾರುವಾಗ 99 ಉಳಿದಿತ್ತು. 80ಕ್ಕಿಂತ ಕೆಳಗಿಳಿದಿದ್ದರೆ ಅವಧಿ ವಿಸ್ತರಿಸುವ ಖರ್ಚು ಏರುತ್ತಿತ್ತು, ಕೊಳ್ಳುವವರಿಗೆ ಸಾಲ ಸಿಗುವುದೂ ಕಷ್ಟವಾಗುತ್ತಿತ್ತು.

ಬೆಂಗಳೂರಿನಲ್ಲಾದರೆ ಮುಂಗಡ ಕೊಟ್ಟು ಕರಾರು ಬರೆಸಿಕೊಳ್ಳುತ್ತಾರೆ. ಇಲ್ಲಿ ಬೆಲೆ ಒಪ್ಪಿದ ಮೇಲೂ, ಎರಡೂ ಕಡೆಯ ಸಾಲಿಸಿಟರ್‌ಗಳು (ವಕೀಲರು) ಕರಾರು ವಿನಿಮಯ ಮಾಡಿಕೊಳ್ಳುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಆ ನಡುವಿನ ವಾರಗಳಲ್ಲಿ ಬರುವುದೇ ಪ್ರಶ್ನೆಗಳ ಪಟ್ಟಿ. ಕೊಳ್ಳುವವರೇ ಎಚ್ಚರವಾಗಿರಬೇಕು ಎನ್ನುವುದು ಇಲ್ಲಿನ ಹಳೆಯ ಕಾನೂನು ನಿಯಮ, ಹಾಗಾಗಿ ಅವರ ಸಾಲಿಸಿಟರ್ ಒಂದನ್ನೂ ಬಿಡದೆ ಕೇಳುತ್ತಾರೆ. ನಮಗೆ ಬಂದದ್ದು 34.

ಅರ್ಧದಷ್ಟಕ್ಕೆ ನಾವು ಉತ್ತರಿಸುವಂತೆಯೇ ಇರಲಿಲ್ಲ. ಕಟ್ಟಡದ ವಿಮೆ, ಹಿಂದಿನ ಮೂರು ವರ್ಷಗಳ ನಿರ್ವಹಣಾ ಲೆಕ್ಕ, ಮುಂದೆ ಬರಲಿರುವ ದೊಡ್ಡ ರಿಪೇರಿಗಳು ಇವೆಲ್ಲ ಕಟ್ಟಡ ನೋಡಿಕೊಳ್ಳುವ ಏಜೆಂಟರ ಬಳಿ ಇರುವ ಮಾಹಿತಿ. ಅದಕ್ಕೆಂದೇ ಎಲ್‌ಪಿಇ1 ಎಂಬ ನಮೂನೆಯಿದೆ. ಅದನ್ನು ತುಂಬಿಕೊಡಲು ಅವರಿಗೆ ಶುಲ್ಕ ಕಟ್ಟಬೇಕು. ಕಟ್ಟಿದೆವು. ಉತ್ತರ ಬಂದದ್ದು ಆರು ವಾರಗಳ ನಂತರ, ಅದೂ ಒಂದು ವರ್ಷದ ಲೆಕ್ಕವೇ ಇಲ್ಲದೆ. ನಮ್ಮದೇ ಮನೆಯ ಮಾಹಿತಿಗಾಗಿ ಹಣ ಕೊಟ್ಟು, ದಿನಾ ಬೆಳಿಗ್ಗೆ ಫೋನ್ ಮಾಡಿ ಕಾಯುವುದು ನನಗೆ ಇಂದಿಗೂ ಅನ್ಯಾಯವೆಂದೇ ಅನಿಸುತ್ತದೆ. ಮಾರುವ ಯೋಚನೆ ಇರುವವರಿಗೆ ನನ್ನ ಮಾತು ಒಂದೇ: ಫ್ಲಾಟನ್ನು ಮಾರಾಟಕ್ಕೆ ಇಡುವ ದಿನವೇ ಆ ನಮೂನೆಗೆ ಹಣ ಕಟ್ಟಿ. ಗಿರಾಕಿ ಸಿಗಲಿ ಎಂದು ಕಾಯಬೇಡಿ.

ನಮ್ಮನ್ನು ನಿಜಕ್ಕೂ ಕಾಡಿದ್ದು 19ನೇ ಪ್ರಶ್ನೆ. ಲೀಸ್ ಪತ್ರದ ಕೊನೆಯ ಹಾಳೆಯಲ್ಲಿ ಫ್ಲಾಟಿನ ನಕ್ಷೆಯಿದೆ, ಸುತ್ತ ಕೆಂಪು ಗೆರೆ. ಅದರಲ್ಲಿ ಅಡುಗೆಮನೆಗೂ ಹಜಾರಕ್ಕೂ ನಡುವೆ ಒಂದು ಗೋಡೆ. ಮನೆಯ ಫೋಟೋಗಳಲ್ಲಿ ಗೋಡೆಯಿಲ್ಲ. "ಯಾರು ತೆಗೆದರು, ಫ್ರೀಹೋಲ್ಡರ್‌ನ ಒಪ್ಪಿಗೆ ಪತ್ರ ಎಲ್ಲಿ?" ನಾವು 2013ರಲ್ಲಿ ಕೊಂಡಾಗಲೇ ಆ ಗೋಡೆ ಇರಲಿಲ್ಲ. ಹೊಗೆ ಹಜಾರಕ್ಕೆ ಬರುತ್ತದೆಂದು ಒಗ್ಗರಣೆ ಹಾಕುವಾಗಲೆಲ್ಲ ಕಿಟಕಿ ತೆರೆಯುತ್ತಿದ್ದೆನೇ ಹೊರತು, ಇಲ್ಲೊಂದು ಗೋಡೆ ಇರಬೇಕಿತ್ತೆಂದು ಹೊಳೆದಿರಲಿಲ್ಲ.

ಫ್ರೀಹೋಲ್ಡರ್‌ಗೆ ಬರೆದು ಈಗಲೇ ಒಪ್ಪಿಗೆ ಕೇಳಿಬಿಡೋಣವೆಂದು ನಾನು ಪತ್ರ ಸಿದ್ಧ ಮಾಡಿದ್ದೆ. ನಮ್ಮ ಸಾಲಿಸಿಟರ್ ತಡೆದರು. ಇಂಥ ಹಳೆಯ ಲೋಪಗಳಿಗೆ ನಷ್ಟ ಪರಿಹಾರದ ವಿಮೆ ಸಿಗುತ್ತದೆ, ಒಮ್ಮೆ ಕಂತು ಕಟ್ಟಿದರೆ ಸಾಕು. ಆದರೆ ಫ್ರೀಹೋಲ್ಡರ್‌ಗಾಗಲಿ ಕೌನ್ಸಿಲ್‌ಗಾಗಲಿ ವಿಷಯ ತಿಳಿಸಿದ ಮೇಲೆ ವಿಮೆಯವರು ಮುಂದೆ ಬರುವುದಿಲ್ಲ. ಪತ್ರ ಹಾಕಿದ್ದರೆ ಆ ದಾರಿಯೇ ಮುಚ್ಚುತ್ತಿತ್ತು. ಕೊಳ್ಳುವವರಿಗೆ ಗೋಡೆಯ ವಿಷಯ ಮುಚ್ಚಿಡದೆ ಹೇಳಿದೆವು, ವಿಮೆಯ ಖರ್ಚು ನಾವೇ ಭರಿಸಿದೆವು.

ಮುಚ್ಚಿಡಬಾರದು ಎಂಬ ವಿಷಯದಲ್ಲಿ ನನ್ನ ಪತಿಗೂ ನನಗೂ ಒಂದು ರಾತ್ರಿ ವಾದವೇ ಆಯಿತು. ಮಾರುವವರು ತುಂಬುವ ಟಿಎ6 ಎಂಬ ನಮೂನೆಯಲ್ಲಿ ನೆರೆಹೊರೆಯವರೊಂದಿಗೆ ತಕರಾರು ಇತ್ತೇ ಎಂದು ಕೇಳುತ್ತಾರೆ. ಮೇಲಿನ ಮನೆಯ ಸ್ನಾನದ ನೀರು ನಮ್ಮ ಚಾವಣಿಗೆ ಇಳಿದು ಎರಡು ತಿಂಗಳು ಪತ್ರ ವ್ಯವಹಾರ ನಡೆದಿತ್ತು. "ಅದು ಮುಗಿದ ಕಥೆ, ಬರೆದರೆ ಕೊಳ್ಳುವವರು ಹೆದರುತ್ತಾರೆ" ಎಂದರು ಇವರು. ಬರೆದೆ, ರಿಪೇರಿಯ ರಸೀದಿಯನ್ನೂ ಲಗತ್ತಿಸಿದೆ. ತಪ್ಪು ಮಾಹಿತಿ ಕೊಟ್ಟರೆ ಮಾರಾಟವಾದ ಮೇಲೂ ಪರಿಹಾರ ಕೇಳಿ ದಾವೆ ಹೂಡಬಹುದು ಎನ್ನುವುದು ಒಂದು ಕಾರಣ. ಆ ಚಾವಣಿಯ ಕೆಳಗೆ ಇನ್ನು ಮಲಗುವವರು ಅವರು ಎನ್ನುವುದು ಇನ್ನೊಂದು. ಅವರು ಹೆದರಲಿಲ್ಲ.

ಹೊರಗೋಡೆಯ ಹೊದಿಕೆ ಯಾವ ವಸ್ತುವಿನದು ಎಂಬ ಪ್ರಶ್ನೆಯೂ ಇತ್ತು. ನಮ್ಮದು ಮೂರೇ ಅಂತಸ್ತಿನ ಇಟ್ಟಿಗೆ ಕಟ್ಟಡ, ಇದೆಲ್ಲ ಏಕೆ ಎಂದು ಮೊದಲು ರೇಗಿತು. ಆದರೆ 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ಬಹುಮಹಡಿ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 72 ಜನ ತೀರಿಕೊಂಡರು. ಬೆಂಕಿ ಹರಡಿದ್ದು ಬೇಗ ಹತ್ತಿಕೊಳ್ಳುವ ಹೊರಗೋಡೆಯ ಹೊದಿಕೆಯಿಂದಲೇ. ಆ ಪ್ರಶ್ನೆಗೆ ಕೋಪಿಸಿಕೊಳ್ಳುವ ಹಕ್ಕು ನನಗಿಲ್ಲ. ಕಟ್ಟಡದ ನಾಲ್ಕೂ ಬದಿಯ ಫೋಟೋ ತೆಗೆದು ಉತ್ತರದ ಜೊತೆ ಕಳಿಸಿದೆ.

ಕರಾರು ವಿನಿಮಯವಾದದ್ದು ಒಂದು ಗುರುವಾರ ಮಧ್ಯಾಹ್ನ, ಸಾಲಿಸಿಟರ್‌ಗಳಿಬ್ಬರ ಫೋನ್ ಮಾತಿನಲ್ಲಿ. ಯಾವ ಕಚೇರಿಗೂ ಹೋಗಲಿಲ್ಲ, ಹೆಬ್ಬೆಟ್ಟು ಒತ್ತಲಿಲ್ಲ. ಎರಡು ವಾರದ ನಂತರ ಕೀಲಿ ಕೊಟ್ಟೆವು. ಆದರೆ ಆ ವರ್ಷದ ನಿರ್ವಹಣಾ ಲೆಕ್ಕ ಇನ್ನೂ ಅಂತಿಮವಾಗಿರಲಿಲ್ಲವಾದ್ದರಿಂದ, ಬಾಕಿ ಬಂದರೆ ಇರಲಿ ಎಂದು ನಮ್ಮ ಹಣದಲ್ಲಿ 500 ಪೌಂಡ್ ಸಾಲಿಸಿಟರ್‌ಗಳು ಹಿಡಿದಿಟ್ಟುಕೊಂಡರು. "ಎಲ್ಲ ಮುಗಿಯಿತೇನೇ?" ಎಂದು ಅಮ್ಮ ಪ್ರತಿ ಭಾನುವಾರ ಕೇಳುತ್ತಾರೆ. ಲೆಕ್ಕ ಇನ್ನೂ ಬಂದಿಲ್ಲ.