ಬಣ್ಣದ ಅಡಿ ಸಿಕ್ಕ ಬಾಣ

ನಮ್ಮ ಭಾವನಿಗೆ ಸಕಲೇಶಪುರದ ಕಡೆ ಒಂದು ಎಸ್ಟೇಟಿನಲ್ಲಿ ಹಳೇ ಜೋಂಗಾ, ಅಂದರೆ ಮಿಲಿಟರಿ ಜೀಪು, ಸಿಕ್ಕಿತು. ಮಾರಿದವರು ಕಾಗದ ಪತ್ರಕ್ಕಿಂತ ಮೊದಲು ಕತೆ ಕೊಟ್ಟರು: "71ರ ಯುದ್ಧದಲ್ಲಿ ಓಡಿದ ಗಾಡಿ ಸಾರ್ ಇದು." ಆ ಕತೆಗೇ ಒಂದಷ್ಟು ದುಡ್ಡು ಜಾಸ್ತಿ ಬಿದ್ದಿದೆ ಅಂತ ನನ್ನ ಗುಮಾನಿ. ಭಾವನ ಅಪಾರ್ಟ್‌ಮೆಂಟಿನಲ್ಲಿ ನಿಲ್ಲಿಸಲು ಜಾಗವಿಲ್ಲ. ಹಾಗಾಗಿ ಅದು ಹನುಮಂತನಗರದ ನಮ್ಮ ಮನೆ ಮುಂದೆ ಬಂದು ನಿಂತಿತು. ಎರಡನೇ ದಿನಕ್ಕೇ ಅಮ್ಮನ ರಂಗೋಲಿ ಮೇಲೆ ಆಯಿಲ್. ಮೂರನೇ ದಿನ ಅದರ ಬಾನೆಟ್ ಮೇಲೆ ಅಮ್ಮನ ಸಂಡಿಗೆ. ಲೆಕ್ಕ ಸಮ ಆಯಿತು.

ಜೋಂಗಾ ಅಂದರೆ ಯಾವುದೋ ಆಫ್ರಿಕಾದ ಪದ ಅಂದುಕೊಂಡಿದ್ದೆ. ಅಲ್ಲವಂತೆ. ಜಬಲ್ಪುರ್ ಆರ್ಡ್‌ನೆನ್ಸ್ ಅಂಡ್ ಗನ್ ಕ್ಯಾರಿಯೇಜ್ ಅಸೆಂಬ್ಲಿ. ಅದರ ಮೊದಲಕ್ಷರಗಳನ್ನು ಕೂಡಿಸಿದ್ದು. ಜಪಾನಿನ ನಿಸಾನ್ ಪಟ್ರೋಲ್ ಗಾಡಿಯನ್ನೇ ಲೈಸೆನ್ಸ್ ಪಡೆದು 1969ರಿಂದ ಜಬಲ್ಪುರದಲ್ಲಿ ಸೈನ್ಯಕ್ಕಾಗಿ ಕಟ್ಟಿದರು. ಹೆಸರು ಪಟ್ರೋಲ್, ಕುಡಿಯೋದು ಪೆಟ್ರೋಲ್. ಆರು ಸಿಲಿಂಡರ್, ಹತ್ತಿರ ಹತ್ತಿರ 4 ಲೀಟರ್ ಎಂಜಿನ್. ಧೋನಿ ಕೂಡ ಒಂದು ಇಟ್ಟುಕೊಂಡಿದ್ದಾರೆ ಅನ್ನೋದನ್ನು ಭಾವ ಬಂದವರಿಗೆಲ್ಲ ಹೇಳುತ್ತಿದ್ದರು. "69ರಿಂದ ಅಂದ್ಮೇಲೆ 71ಕ್ಕೆ ಇದ್ದೇ ಇರುತ್ತೆ ಅಲ್ವಾ?" ಅನ್ನೋದು ಅವರ ವಾದ. ಆರ್‌ಸಿ ನೋಡಿದರೆ ಕೆಎ 13, ಹಾಸನದ ನಂಬರು. ನೋಂದಣಿ 1999. ಅದಕ್ಕೂ ಹಿಂದಿನದಕ್ಕೆ ಎರಡೇ ಪದ: ಎಕ್ಸ್ ಆರ್ಮಿ.

ಇದನ್ನು ಓದಬಲ್ಲವರು ನಮ್ಮ ಬೀದಿಯಲ್ಲೇ ಇದ್ದರು. ಹುಡುಗರೆಲ್ಲ ಮಿಲಿಟರಿ ತಾತ ಅಂತ ಕರೆಯುವವರು. ಸೈನ್ಯದಲ್ಲಿ ಗಾಡಿ ಮೆಕ್ಯಾನಿಕ್ ಆಗಿದ್ದು, ಕೊನೆಯ ಕೆಲವು ವರ್ಷ ಹಲಸೂರಿನ ಆರ್ಮಿ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರು. ಒಂದು ಭಾನುವಾರ ಕಾಫಿ ಕುಡಿಸಿ ಗಾಡಿ ಹತ್ತಿರ ಕರೆದುಕೊಂಡು ಬಂದೆವು.

ತಾತ ಎಂಜಿನ್ ನೋಡಲಿಲ್ಲ. ಒಳಗೆ ಕೂರಲೂ ಇಲ್ಲ. ಮುಂದಿನ ಬಂಪರ್ ಮುಂದೆ ಕುಕ್ಕರಗಾಲಲ್ಲಿ ಕೂತು, "ನೀರು ಪೇಪರ್ ಇದೆಯೇನಪ್ಪ?" ಅಂದರು.

ನೀರು ಹಾಕಿ ಬಣ್ಣ ಉಜ್ಜುವ ಮರಳು ಕಾಗದ ಅದು. ತಂದು ಉಜ್ಜಲು ಶುರು ಮಾಡಿದೆವು. ಮೇಲಿದ್ದದ್ದು ಸಪ್ಪೆ ಹಸಿರು, ಮಾರುವ ಮುಂಚೆ ಬಳಿದದ್ದು. ಬಕೆಟ್ ನೀರು ಹಸಿರಾಯಿತು. ಅದರ ಕೆಳಗೆ ಕಂದು ಬಣ್ಣ. ಒಂದು ಗಂಟೆ ಆದರೂ ಕಂದೇ. ಭಾವನ ಹುಮ್ಮಸ್ಸು ಇಳಿದು ಅವರು ನೆರಳಿಗೆ ಹೋದರು. ತಾತ ಮಾತ್ರ "ನಿಧಾನ, ನಿಧಾನ, ಒತ್ತಬೇಡ" ಅನ್ನುತ್ತಾ ಪಕ್ಕದಲ್ಲೇ ಇದ್ದರು. ಕಂದಿನ ಅಡಿಯಿಂದ ಒಂದು ಕಪ್ಪು ಪಟ್ಟಿ ಕಾಣಿಸಿತು. ಅದರ ಮೇಲೆ ಬಿಳಿ ಗೆರೆ. ಮೊದಲು ಅದನ್ನು 1 ಅಂದುಕೊಂಡೆ. ಇನ್ನೂ ಸ್ವಲ್ಪ ಉಜ್ಜಿದಾಗ ತುದಿಯಲ್ಲಿ ಎರಡು ಕಡೆ ರೆಕ್ಕೆ ಬಂತು. ಮೇಲ್ಮುಖದ ಬಾಣ.

ಸೈನ್ಯದ ಗಾಡಿಗಳ ನಂಬರಿನಲ್ಲಿ ಈ ಬಾಣ ನೀವೂ ನೋಡಿರುತ್ತೀರಿ. ಬ್ರಿಟಿಷರು ಸರ್ಕಾರಿ ಸಾಮಾನಿಗೆಲ್ಲ ಹೊಡೆಯುತ್ತಿದ್ದ ಗುರುತು ಅದು. ಅವರು ಹೋದರು, ಬಾಣ ಉಳಿಯಿತು. ಬಾಣದ ಪಕ್ಕದ ಎರಡು ಅಂಕಿ ಅಂದರೆ ಸೈನ್ಯ ಆ ಗಾಡಿಯನ್ನು ತೆಗೆದುಕೊಂಡ ವರ್ಷ. ಇದನ್ನು ತಾತ ಹೇಳಿದ ಮೇಲೆ ಭಾವ ನೆರಳಿನಿಂದ ಓಡಿ ಬಂದು ಪೇಪರ್ ಕಿತ್ತುಕೊಂಡರು.

ಮೊದಲನೇ ಅಂಕಿ 8.

"7 ಇರಬಹುದು, ಇನ್ನೊಂಚೂರು ಉಜ್ಜು," ಅಂದರು ಭಾವ, ತಾವೇ ಉಜ್ಜುತ್ತಾ. ಉಜ್ಜಿದಷ್ಟೂ ಅದು 8 ಆಗುತ್ತಲೇ ಹೋಯಿತು. ಪಕ್ಕದ್ದು 6. ಆಮೇಲೆ ಬಿ ಅಕ್ಷರ, ಮುಂದೆ ಅರ್ಧಂಬರ್ಧ ಅಂಕಿಗಳು.

86. ಯುದ್ಧ ಮುಗಿದು 15 ವರ್ಷ ಆದ ಮೇಲೆ ಹುಟ್ಟಿದ ಗಾಡಿ. ನನಗಿಂತ ಎರಡು ವರ್ಷ ಚಿಕ್ಕದು.

ಭಾವ ಅಷ್ಟಕ್ಕೇ ಬಿಡಲಿಲ್ಲ. "ಫಿರಂಗಿ ಗಿರಂಗಿ ಕೂರಿಸಿದ್ದರಾ ತಾತ?" ಅಂದರು. 106 ಎಂಎಂ ತೋಪು ಹೊತ್ತ ಗಾಡಿಯಾದರೆ ಮುಂದಿನ ಗಾಜಿನ ಫ್ರೇಮನ್ನೇ ನಡುವೆ ಸೀಳಿರುತ್ತಾರೆ, ನಳಿಗೆ ಮಲಗಲು ಜಾಗ ಬೇಕಲ್ಲ, ಅಂದರು ತಾತ. ನಮ್ಮದರ ಫ್ರೇಮ್ ಒಂದೇ ತುಂಡು. ಮಡ್‌ಗಾರ್ಡ್ ಮೇಲೆ ಯೂನಿಟ್ಟಿನ ಗುರುತೇನಾದರೂ ಸಿಗಬಹುದು ಅಂತ ಅಲ್ಲೂ ಉಜ್ಜಿದೆವು. ಹರಾಜಿಗೆ ಕಳಿಸುವ ಮುಂಚೆ ಯಾರೋ ಅದನ್ನು ನೀಟಾಗಿ ಕೆರೆದು ತೆಗೆದಿದ್ದರು.

ಕೊನೆಗೆ ತಾತ ಹಿಂದೆ ಹೋಗಿ, ಲುಂಗಿ ಎತ್ತಿ ಕಟ್ಟಿ, ಎಪ್ಪತ್ತೆಂಟನೇ ವಯಸ್ಸಿನಲ್ಲಿ ಗಾಡಿ ಕೆಳಗೆ ತೂರಿದರು. ನಮಗೆ ಗಾಬರಿ. ಒಳಗಿಂದ ನಗು ಕೇಳಿಸಿತು. "ಬನ್ರೋ ಇಲ್ಲಿ." ನಾವೂ ತೂರಿದೆವು. ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡನ್ನು ತಾತ ಉಗುರಲ್ಲಿ ಕೆರೆಯುತ್ತಿದ್ದರು. ಗ್ರೀಸು, ಕಾಫಿ ತೋಟದ ಮಣ್ಣು, ಅದರ ಕೆಳಗೆ ದಪ್ಪ ಬಿಳಿ ಬಣ್ಣ. ಮೇಲುಗಡೆ ಪುಟ್ಟ ದೀಪ ಕೂರುವ ಕ್ಲಿಪ್. ರಾತ್ರಿ ಕಾನ್ವಾಯ್ ಹೋಗುವಾಗ ಹೆಡ್‌ಲೈಟ್ ಹಾಕುವಂತಿಲ್ಲ. ಕೆಳಗಿನ ಸಣ್ಣ ದೀಪದಲ್ಲಿ ಈ ಬಿಳಿ ಗುಂಡು ಹಿಂದಿನ ಗಾಡಿಯ ಡ್ರೈವರಿಗೆ ಮಾತ್ರ ಕಾಣುತ್ತೆ. ಅದನ್ನೇ ನೋಡಿಕೊಂಡು ಬರಬೇಕು.

"ಎಷ್ಟು ಸಲ ಬಳಿದಿದ್ದಾರೆ ನೋಡು," ಅಂತ ತಾತ ಒಂದು ಚಕ್ಕೆ ಎಬ್ಬಿಸಿ ಅಂಗೈ ಮೇಲಿಟ್ಟರು. ಅಂಚಿನಲ್ಲಿ ಪದರ ಎಣಿಸಬಹುದಿತ್ತು. ಐದು. "ಇನ್‌ಸ್ಪೆಕ್ಷನ್ ಅಂದ್ರೆ ಇದೇ ಕೆಲಸ. ನಾನೇ ಎಷ್ಟು ಗಾಡಿಗೆ ಬಳಿದಿದ್ದೀನೋ." ಅಲ್ಲೇ ಮಲಗಿಕೊಂಡು ಸುಮಾರು ಹೊತ್ತು ಮಾತಾಡಿದರು. ಯುದ್ಧದ್ದಲ್ಲ. ಚಳಿಗೆ ಸ್ಟಾರ್ಟ್ ಆಗದ ಗಾಡಿಗಳದ್ದು, ಮುಂದಿನವನ ಬಿಳಿ ಗುಂಡು ನೋಡುತ್ತಾ ತೂಕಡಿಸಿದ ಡ್ರೈವರುಗಳದ್ದು.

ಭಾವ ಪೂರ್ತಿ ಗಾಡಿಗೆ ಹಳೇ ಆಲಿವ್ ಗ್ರೀನ್ ಬಳಿಸುವ ಯೋಚನೆಯಲ್ಲಿದ್ದರು. ಅದಕ್ಕೂ ಕಲ್ಲು ಬಿತ್ತು. ಮೋಟಾರು ವಾಹನ ನಿಯಮದ ಪ್ರಕಾರ ಆ ಬಣ್ಣ ಸೈನ್ಯದ ಗಾಡಿಗೆ ಮಾತ್ರ. ಎಸ್ಟೇಟಿನವರು ಕಂದು ಬಳಿದಿದ್ದು ಯಾಕೆ ಅಂತ ಆಗ ತಿಳಿಯಿತು. ಈಗ ಗಾಡಿ ಮತ್ತೆ ಕಂದು. ಬಾಣ ಮತ್ತೆ ಒಳಗೆ, ಅದರ ಫೋಟೋ ಭಾವನ ಮೊಬೈಲಿನಲ್ಲಿ. ಡಿಫರೆನ್ಷಿಯಲ್ ಬಗ್ಗೆ ನಿಯಮ ಏನೂ ಹೇಳುವುದಿಲ್ಲ. ತಾತನೇ ಒಂದು ಡಬ್ಬಿ ಬಿಳಿ ಬಣ್ಣ ತಂದು, ಆರನೇ ಪದರ ಬಳಿದು ಹೋದರು.

ಮೊನ್ನೆ ಮೈಸೂರು ರೋಡಿನ ಸಿಗ್ನಲ್ಲಿನಲ್ಲಿ ಹಿಂದಿದ್ದ ಆಟೋದವನು ತಲೆ ಹೊರಗೆ ಹಾಕಿ ಕೂಗಿದ: "ಸಾರ್, ನಿಮ್ ಗಾಡಿ ಮೊಟ್ಟೆ ಇಡ್ತಾ ಇದೆ, ನೋಡ್ಕೊಳಿ!"